ಏಳನೆಯ ಬಾಯಿ

ನಮ್ಮೂರಿನ ದೋಣಿಗೆ ಅಂಬಿಗನಿಲ್ಲ. ಹುಟ್ಟಿಲ್ಲ, ಹಾಯಿಯಿಲ್ಲ, ಎಳೆಯುವುದಕ್ಕೆ ಹಗ್ಗವೂ ಇಲ್ಲ. ಅದು ಮಲಗುವುದು ಹೊಳೆಯ ಆಚೆ ದಡದಲ್ಲಿ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ನಾವು ಈಚೆ ದಡದ ಮೆಟ್ಟಿಲ ಮೇಲೆ ನಿಂತು ಫ್ರೆಂಚ್ ಭಾಷೆಯ ಒಂದು ಕ್ರಿಯಾಪದವನ್ನು ವರ್ತಮಾನ ಕಾಲದಲ್ಲಿ ಪೂರ್ತಿ ಹೇಳಬೇಕು. ಹೇಳಿದರೆ ಬರುತ್ತದೆ. ಹೇಳದಿದ್ದರೆ ಇಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿಗೆ ಬಸ್ಸು ಯಾಕೆ ಬರುತ್ತದೆ ಎಂದು ನಾನು ಕೇಳಿದ್ದೇನೆಯೇ?

ಕ್ರಿಯಾಪದ ಬೇರೇನಲ್ಲ, ‘ಬರು’. ಅದಕ್ಕೆ ಆರು ರೂಪ. ಆರು ರೂಪಕ್ಕೆ ಆರು ಮನೆ. ಒಂದು ಮನೆಯ ರೂಪವನ್ನು ಇನ್ನೊಂದು ಮನೆಯವರು ಹೇಳುವಂತಿಲ್ಲ. ಹೇಳಿದರೂ ದೋಣಿ ಕೇಳುವುದಿಲ್ಲ. ‘ಜ ವಿಯಾಂ’, ನಾನು ಬರುತ್ತೇನೆ, ಇದು ದರ್ಜಿ ಇಸಾಕ್ ಸಾಹೇಬರ ಮನೆಯದು. ದಿನಕ್ಕೆರಡು ಸಲ ಎದೆ ಮುಟ್ಟಿ ನಾನು ನಾನು ಎಂದು ಹೇಳಿ ಹೇಳಿ ಆ ಮನೆಯವರಿಗೆ ಅದೇ ಅಭ್ಯಾಸ. ನಿಮ್ಮ ಅಂಗಿಯ ಅಳತೆ ತೆಗೆಯುವಾಗಲೂ ಸಾಹೇಬರು ತಮ್ಮ ಸೊಂಟದ ಸುದ್ದಿಯನ್ನೇ ಹೇಳುತ್ತಾರೆ. ‘ತ್ಯೂ ವಿಯಾಂ’, ನೀನು ಬರುತ್ತೀ, ಮೀನು ಮಾರುವ ತುಳಸುವಿನದು. ಅವಳಿಗೆ ಲೋಕದಲ್ಲಿ ಬಹುವಚನವೇ ಇಲ್ಲ. ಒಮ್ಮೆ ಜಡ್ಜ್ ಸಾಹೇಬರು ಬಂದಾಗ, “ನೀ ಬಂಗಡೆ ತಿಂತೀಯಾ, ಬೂತಾಯಿ ತಿಂತೀಯಾ? ಬೇಗ ಹೇಳು, ಬಿಸ್ಲು ಏರ್ತದೆ” ಎಂದಳು. ಅವರು ತೆಪ್ಪಗೆ ಬಂಗಡೆ ತೆಗೆದುಕೊಂಡರು. ‘ಇಲ್ ವಿಯಾಂ’, ಅವನು ಬರುತ್ತಾನೆ, ಕ್ಷೌರದ ಬೊಮ್ಮುವಿನದು. ಎದುರಿಗಿಲ್ಲದವನ ಸುದ್ದಿ ಹೇಳುವುದಕ್ಕೆ ಅವನಿಗಿಂತ ಯೋಗ್ಯರು ಯಾರು? ‘ವೂ ವನೇ’, ನೀವು ಬರುತ್ತೀರಿ, ನಿವೃತ್ತ ಪೋಸ್ಟ್ ಮಾಸ್ಟರ್ ಪರಮಯ್ಯನವರದು. ಅವರು ಬೀದಿನಾಯಿಗೂ “ತಾವು ಸ್ವಲ್ಪ ಆಚೆ ಹೋಗ್ತೀರಾ” ಎನ್ನುವ ಮನುಷ್ಯ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವುದೂ ಅವರೇ. ಕೊನೆಗೆ ‘ಇಲ್ ವಿಯೆನ್’, ಅವರು ಬರುತ್ತಾರೆ, ಇನಾಸಿಬಾಯಿಯದು. ದಿನಕ್ಕೆರಡು ಸಲ ಅವರು ಬರುತ್ತಾರೆ ಎಂದು ಬಾಯಿಂದ ಹೇಳಿದ ಮೇಲೆ ಅಕ್ಕಿ ಹೆಚ್ಚು ಹಾಕದೆ ಇರುವುದು ಹೇಗೆ ಎಂದು ಅವಳು ಎರಡು ಸೇರು ಹೆಚ್ಚೇ ಬೇಯಿಸುತ್ತಾಳೆ. ಊರಿನಲ್ಲಿ ಹಸಿದವರಿಗೆಲ್ಲ ಆ ಮನೆ ಗೊತ್ತು.

ನಾಲ್ಕನೆಯದನ್ನು ಬಿಟ್ಟೆ. ‘ನೂ ವನೋಂ’, ನಾವು ಬರುತ್ತೇವೆ. ಅದು ನಮ್ಮ ಮನೆಯದು, ಗಾಣದ ಮನೆಯದು. ಉಳಿದವರು ಒಬ್ಬೊಬ್ಬರೇ ಹೇಳಿದರೆ ಸಾಕು. ನಮ್ಮದನ್ನು ಮಾತ್ರ ಇಬ್ಬರು ಒಂದೇ ಉಸಿರಿನಲ್ಲಿ ಹೇಳಬೇಕು. ನಾನು ದೂಮಣ್ಣ, ನನ್ನ ಹೆಂಡತಿ ಸಾವಂತಿ. ಮಕ್ಕಳಿಲ್ಲ. ಉಳಿದ ಮನೆಗಳಲ್ಲಿ ಬದಲಿ ಬಾಯಿಗಳುಂಟು. ತುಳಸು ಸಂತೆಗೆ ಹೋದರೆ ಸೊಸೆ ಹೇಳುತ್ತಾಳೆ, ಇಸಾಕ್ ಸಾಹೇಬರಿಗೆ ಕೆಮ್ಮು ಬಂದರೆ ಮಗ. ನಮಗೆ ಬದಲಿಯಿಲ್ಲ. ಹಾಗಾಗಿ ನಲವತ್ತಮೂರು ವರ್ಷ ನಾವಿಬ್ಬರೂ ಬೆಳಿಗ್ಗೆ, ಸಂಜೆ ಆ ಮೆಟ್ಟಿಲ ಮೇಲೆ ನಿಂತವರೇ. ಊರವರನ್ನು ದಾಟಿಸಿದೆವು, ನಾವು ದೋಣಿ ಹತ್ತಲಿಲ್ಲ. ಬೆಳಿಗ್ಗೆ ದಾಟಿದರೆ ಸಂಜೆ ಕರೆಯುವವರು ಯಾರು?

ಒಬ್ಬ ಹೊಸ ಮೇಷ್ಟ್ರು ಕಾಲೇಜಿನಲ್ಲಿ ಫ್ರೆಂಚ್ ಓದಿದವನಂತೆ, ನಮ್ಮದು ಹಳ್ಳಿ ಉಚ್ಚಾರ ಎಂದು ಮೂಗು ಮುರಿದು ಒಂದು ದಿನ ಆರೂ ಮನೆಯವರಿಂದ ಭವಿಷ್ಯತ್ ಕಾಲದ ರೂಪ ಹೇಳಿಸಿಬಿಟ್ಟ. ದೋಣಿ ಅಂದು ಅಲ್ಲಾಡಲಿಲ್ಲ. ಮುಂದಿನ ಗುರುವಾರ ಮಟಮಟ ಮಧ್ಯಾಹ್ನ, ಯಾರೂ ಇಲ್ಲದಾಗ ಬಂದು ನಿಂತಿತ್ತು. ಅಷ್ಟು ನಿಯತ್ತಿನ ದೋಣಿ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ತಪ್ಪು ನನ್ನದೇ.

ಯಾವ ಊರಿನಲ್ಲಿ ಯಾವ ಭಾಷೆ ಎಷ್ಟು ಜನರಿಗೆ ಬರುತ್ತದೆ ಎಂದು ಬರೆದುಕೊಳ್ಳುವ ಅಧಿಕಾರಿಯೊಬ್ಬ ಬಂದ. ತೆಳ್ಳಗಿನ ಹುಡುಗ, ದೊಡ್ಡ ಪುಸ್ತಕ. ಬೆಳಿಗ್ಗೆ ಮೆಟ್ಟಿಲ ಬಳಿ ನಿಂತು ನಾವು ಹೇಳುವುದನ್ನು ಕೇಳಿ ಬೆರಗಾದ. ಆಮೇಲೆ ಗಾಣಕ್ಕೆ ಬಂದು ಕೂತ.

“ಫ್ರೆಂಚ್ ಬರುವವರು ಅಂತ ಒಂದು ಕಾಲಂ ಉಂಟು ಅಜ್ಜ. ನಿಮ್ಮೂರಲ್ಲಿ ಎಷ್ಟು ಬರೀಲಿ? ಒಂದೇ ಪದ ಆದ್ರೂ ಪದವೇ ಅಲ್ವಾ? ಆರಾ, ಏಳಾ?”

ಗಾಣದ ಸದ್ದಿನಲ್ಲಿ ಕೂಗಿ ಮಾತಾಡಿ ನನ್ನ ಗಂಟಲು ಮೊದಲೇ ದೊಡ್ಡದು. ಆ ಗಂಟಲಿನಲ್ಲೇ ಹೇಳಿದೆ. “ಆರು ಬರಿ. ನಮ್ಮನೆಯದನ್ನು ಹೇಳುದು ನಾನೇ. ಅವಳು ಬರೀ ತುಟಿ ಅಲ್ಲಾಡಿಸ್ತಾಳೆ.”

ಸುಳ್ಳು ಹೇಳಿದ್ದಲ್ಲ. ನನಗೆ ಹಾಗೇ ಅನ್ನಿಸಿತ್ತು. ನಾನು ಬಾಯಿ ತೆರೆದರೆ ಪಕ್ಕದಲ್ಲಿ ಸಿಡಿಲು ಹೊಡೆದರೂ ನನಗೆ ಕೇಳಿಸುವುದಿಲ್ಲ. ಅವಳ ದನಿ ಇದೆಯೋ ಇಲ್ಲವೋ ಎಂದು ನಾನು ಯಾವತ್ತೂ ವಿಚಾರಿಸಿದವನಲ್ಲ. ಹುಡುಗ ‘ಆರು’ ಎಂದು ಬರೆದ. ತಿರುಗಿ ನೋಡಿದರೆ ಸಾವಂತಿ ಅವನಿಗೆ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟ ಕೊಟ್ಟಳು, ಒಳಗೆ ಹೋದಳು. ಆ ದಿನವಿಡೀ ಒಂದು ಮಾತಿಲ್ಲ. ಸಾವಂತಿ ಮಾತಾಡದಿದ್ದರೆ ನಾನು ಅದನ್ನು ಶಾಂತಿ ಎಂದು ತಿಳಿಯುವವನು.

ಮರುದಿನ ಬೆಳಿಗ್ಗೆ ಎಂದಿನಂತೆ ಆರೂ ಮನೆಯವರು ಹೇಳಿದೆವು. ದೋಣಿ ಬಂತು. ಜನ ಹತ್ತಿದರು. ಅವರ ಹಿಂದೆ ನನ್ನ ಹೆಂಡತಿ ಬಟ್ಟೆಯ ಚೀಲ ಹಿಡಿದು ಹತ್ತಿ ಕೂತಳು.

“ಏ, ಎಲ್ಲಿಗೆ? ಸಂಜೆ ಹೇಳುದು ಯಾರು?” ಎಂದೆ.

“ನೀವುಂಟಲ್ಲ,” ಎಂದಳು. “ತುಟಿ ಬೇಕಾದ್ರೆ ಯಾರದ್ದಾದ್ರೂ ಸಿಗ್ತದೆ.”

ದೋಣಿ ತಿರುಗಿತು. ಆಚೆ ದಡದಲ್ಲಿ ಅವಳ ತಂಗಿ ಚಂದುವಿನ ಮನೆ. ನಲವತ್ತಮೂರು ವರ್ಷ ಆ ಮನೆಯ ಹೆಂಚು ಈ ದಡದಿಂದ ಕಂಡಿದ್ದಳೇ ಹೊರತು ಹೊಸ್ತಿಲು ಕಂಡಿರಲಿಲ್ಲ. ಅದು ಅವತ್ತು ನನಗೆ ಹೊಳೆಯಲಿಲ್ಲ. ಅವತ್ತು ನನಗೆ ಹೊಳೆದದ್ದು, ಸಂಜೆ ನೋಡು ನನ್ನ ಗಂಟಲು, ಎನ್ನುವುದೊಂದೇ.

ಸಂಜೆ ಪರಮಯ್ಯನವರು ಗಂಟೆ ಹೊಡೆದರು. ಸಾಹೇಬರು, ತುಳಸು, ಬೊಮ್ಮು ಆದ ಮೇಲೆ ನಾನು ‘ನೂ ವನೋಂ’ ಎಂದು ಕೂಗಿದ ಕೂಗಿಗೆ ಗುಡ್ಡದ ಮೇಲಿನ ಕೊಕ್ಕರೆಗಳು ಎದ್ದವು. ದೋಣಿ ಏಳಲಿಲ್ಲ. ಬೆಳಿಗ್ಗೆ ಸಂತೆಗೆ ದಾಟಿದ ಹದಿನಾಲ್ಕು ಮಂದಿ ಆಚೆ ದಡದಲ್ಲಿ ಅದರಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ಇಳಿದು ಹೋದರು. ಹೊಳೆಯ ತಲೆಯನ್ನು ಬಳಸಿ ಬರುವುದಕ್ಕೆ ಎರಡು ಬಸ್ಸು, ಮೇಲೆ ನಾಲ್ಕು ಮೈಲಿ ನಡಿಗೆ, ಒಂದೂವರೆ ದಿನ. ಬಂದವರು ನನ್ನ ಮನೆಯ ಮುಂದೆ ಹಾದುಹೋಗುವಾಗ ಚಪ್ಪಲಿಯ ಧೂಳನ್ನು ಅಲ್ಲೇ ಕೊಡವಿದರು.

ಆಮೇಲೆ ನಾವು ಮಾಡಿದ ಪ್ರಯೋಗಗಳು ಒಂದೆರಡಲ್ಲ. ಒಬ್ಬನೇ ಎರಡು ದನಿಯಲ್ಲಿ ಹೇಳಿ ನೋಡಿದೆ. ಇಬ್ಬರಾದರೆ ಸಾಕಲ್ಲ ಎಂದು ಬೊಮ್ಮುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ದೋಣಿ ಹತ್ತು ಮಾರು ಬಂದು, ಏನೋ ಮರೆತವರಂತೆ ನಿಂತು, ವಾಪಸು ಹೋಯಿತು. ಹೊಸದಾಗಿ ಮದುವೆಯಾದ ಒಂದು ಜೋಡಿಯನ್ನು ನಿಲ್ಲಿಸಿದೆವು. ಅವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ದೋಣಿ ನಡುಗಿತು, ಅಷ್ಟೆ. ನನ್ನ ದಾಯಾದಿ ಅಣ್ಣನನ್ನು ಕರೆತಂದೆವು. ನಮ್ಮಿಬ್ಬರಿಗೆ ಇಪ್ಪತ್ತು ವರ್ಷದಿಂದ ಮಾತಿಲ್ಲ; ಊರಿಗಾಗಿ ನಿಂತ. ‘ನಾವು’ ಎಂದು ಅವನ ಬಾಯಲ್ಲಿ ಬರುವಾಗ ನನಗೇ ನಂಬಿಕೆ ಬರಲಿಲ್ಲ, ದೋಣಿ ಹೇಗೆ ನಂಬೀತು?

ಹತ್ತನೆಯ ದಿನ ನಾನು ಇಸಾಕ್ ಸಾಹೇಬರ ಅಂಗಡಿಯಲ್ಲಿ ಕೂತಿದ್ದಾಗ ತುಳಸು ಬುಟ್ಟಿಯನ್ನು ತಂದು ನನ್ನ ಕಾಲ ಬುಡದಲ್ಲಿ ಕುಕ್ಕಿದಳು.

“ಏ ದೂಮ, ಮೂಸಿ ನೋಡು. ಒಣಗಿಸಿ ಒಣಗಿಸಿ ನನ್ನ ಮೀನಲ್ಲ, ಬಿಸ್ಲೇ ನಾರ್ತಾ ಉಂಟು. ನೀನು ಹೋಗಿ ಅವಳನ್ನು ಕರ್ಕೊಂಡು ಬರ್ತೀಯಾ, ಇಲ್ಲ ನಾನು ನಿನ್ನನ್ನೂ ಉಪ್ಪು ಹಾಕಿ ಒಣಗಿಸ್ಲಾ?”

“ನಾನು ಯಾಕೆ ಹೋಗ್ಬೇಕು? ಹೋದವಳು ಅವಳು.”

“ನಿನ್ನ ಗಂಟಲಿಗೆ ಬರದ ದೋಣಿ ಯಾರಿಗೆ ಬರ್ತಿತ್ತು ಹೇಳು ನೋಡುವ?”

ಇಸಾಕ್ ಸಾಹೇಬರು ಕತ್ತರಿ ಕೆಳಗಿಟ್ಟು, “ನಾನಾದ್ರೆ ಮೊದಲ್ನೇ ದಿನವೇ ಹೋಗ್ತಿದ್ದೆ” ಎಂದರು. ಅವರು ಹಾಗೆಯೇ ಅನ್ನುವವರು. ಆದರೆ ನಿಜವಾಗಿ ಹೋಗುತ್ತಿದ್ದರು ಎಂದು ನನಗೆ ಗೊತ್ತು. ಅದೇ ಸಿಟ್ಟು ಬರಿಸಿತು.

ನಿಜ ಹೇಳುತ್ತೇನೆ. ಊರಿನ ಕಷ್ಟಕ್ಕಾಗಿ ನಾನು ಹೊರಡಲಿಲ್ಲ. ಮನೆಯಲ್ಲಿ ಹತ್ತು ದಿನದಿಂದ ನನ್ನ ಮಾತು ನನಗೇ ಕೇಳಿಸುತ್ತಿತ್ತು. ನಾನು ಏನು ಹೇಳಿದರೂ “ಹ್ಞೂಂ” ಎನ್ನುವವರಿಲ್ಲ. ಆ ಹ್ಞೂಂ ಇಲ್ಲದೆ ನನ್ನ ಯಾವ ಕತೆಯೂ ಮುಗಿಯುವುದಿಲ್ಲ ಎಂದು ಆವಾಗ ತಿಳಿಯಿತು. ಇನ್ನು ಅವಳು ಬರುವುದೇ ಇಲ್ಲವೋ ಏನೋ ಎಂಬ ಹೆದರಿಕೆ ಬೇರೆ. ಚಂದುವಿಗೆ ಕೊಡಲು ಒಂದು ಡಬ್ಬ ಕೊಬ್ಬರಿ ಎಣ್ಣೆ ತುಂಬಿಸಿ ಹೊರಟೆ.

ಪರಮಯ್ಯನವರು ಬಸ್ಸಿನವರೆಗೆ ಬಂದರು. “ತಾವು ಹೋಗಿ ಬನ್ನಿ. ನಾವು ಹೊತ್ತಿಗೆ ಸರಿಯಾಗಿ ಹೇಳ್ತಾ ಇರ್ತೇವೆ. ನಿಮ್ಮ ಜಾಗದಲ್ಲಿ ಒಂದು ಉಸಿರಿನಷ್ಟು ಬಿಡ್ತೇವೆ. ಬಾಯಿಗೆ ಅಭ್ಯಾಸ ತಪ್ಪಬಾರದು, ದೋಣಿಯವರು ಬೇಜಾರು ಮಾಡ್ಕೊಳ್ಬಾರದು.”

ಎರಡು ಬಸ್ಸು, ನಾಲ್ಕು ಮೈಲಿ. ಕೂಗಿ ಕೂಗಿ ಮೊದಲೇ ಹರಿದಿದ್ದ ಗಂಟಲು ಬಸ್ಸಿನ ಧೂಳಿಗೆ ಪೂರ್ತಿ ಕಟ್ಟಿಹೋಯಿತು. ಮರುದಿನ ಸಂಜೆಯ ಹೊತ್ತಿಗೆ ಚಂದುವಿನ ಬಾಗಿಲಲ್ಲಿ ನಿಂತು “ಸಾವಂತಿ” ಎಂದರೆ ಹಳೆಯ ಬಾಗಿಲು ಕಿರುಗುಟ್ಟಿದಂತೆ ಕೇಳಿಸಿತು.

ಚಂದು ಎಣ್ಣೆ ಡಬ್ಬ ತೆಗೆದುಕೊಂಡಳು. ಒಳಗೆ ಕರೆಯಲಿಲ್ಲ. “ಅಕ್ಕ ಹೊಳೆ ಹತ್ರ. ದಿನಾ ಸಂಜೆ ಅಲ್ಲೇ ಹೋಗಿ ಕೂರುದು. ಇಲ್ಲಿ ಇಷ್ಟು ಚೆಂದದ ಪೇಟೆ ಉಂಟು, ನೋಡು ಮಾರಾಯ್ತಿ ಅಂದ್ರೆ ಕೇಳುದಿಲ್ಲ.”

ಸಾವಂತಿ ದೋಣಿಯ ಪಕ್ಕದ ಮೆಟ್ಟಿಲಲ್ಲಿ ಕೂತಿದ್ದಳು. ಎದುರಿಗೆ ನಮ್ಮೂರು. ಅಲ್ಲಿಂದ ನಮ್ಮೂರನ್ನು ನಾನು ಅದೇ ಮೊದಲು ನೋಡಿದ್ದು. ಬೆಂಕಿಪೊಟ್ಟಣಗಳನ್ನು ಸಾಲಿಗಿಟ್ಟಂತೆ ಇತ್ತು. ನನ್ನ ಗಾಣದ ಮನೆ ಯಾವುದೆಂದು ಗುರುತೇ ಸಿಗಲಿಲ್ಲ.

ಅವಳು ತಿರುಗಿ ನೋಡಲಿಲ್ಲ. “ಯಾಕೆ ಬಂದ್ರಿ?”

“ದೋಣಿ ಬರುದಿಲ್ಲ.”

“ದೋಣಿಗಾಗಿ ಬಂದ್ರಾ, ನನಗಾಗಿ ಬಂದ್ರಾ?”

“ಎರಡಕ್ಕೂ,” ಎಂದೆ. ಇಂಥ ಕಡೆ ಬೇರೆಯವರು ಒಂದೇ ಉತ್ತರ ಹೇಳುತ್ತಾರೆ ಎಂದು ಹೇಳಿಯಾದ ಮೇಲೆ ಗೊತ್ತಾಯಿತು.

“ದನಿ ಎಂತ ಆಯ್ತು ನಿಮ್ದು?”

“ಹೋಯ್ತು.”

“ಒಳ್ಳೇದಾಯ್ತು.” ಕಾಲ ಬಳಿಯ ಕಲ್ಲೊಂದನ್ನು ನೀರಿಗೆ ಎಸೆದಳು. “ಆ ಹುಡುಗ ಆರು ಅಂತ ಬರ್ದ. ನಾನು ನೋಡಿದೆ. ಪೆನ್ಸಿಲ್ ಅಲ್ಲ, ಪೆನ್ನಲ್ಲಿ.”

“ಕಾಗದ ಹಾಕಿ ತಿದ್ದಿಸ್ತೇನೆ.”

“ಅವನ ಪುಸ್ತಕ ತಿದ್ದಿದ್ರೆ ಮುಗೀತಾ? ನಲವತ್ಮೂರು ವರ್ಷ ಪಕ್ಕದಲ್ಲಿ ನಿಂತು ಹೇಳಿದ್ದೇನೆ. ಜ್ವರ ಬಂದಾಗ ಹೇಳಿದ್ದೇನೆ. ಅಪ್ಪ ಸತ್ತ ದಿನ ಹೇಳಿದ್ದೇನೆ. ಒಂದು ದಿನವಾದ್ರೂ ನನ್ನ ದನಿ ಕೇಳಿದ್ದೀರಾ ನೀವು?”

ಕೇಳಿದ್ದೇನೆ ಎನ್ನಬಹುದಿತ್ತು. “ಇಲ್ಲ,” ಎಂದೆ. “ನಿನ್ನ ದನಿ ಕೇಳ್ಬೇಕಾದ್ರೆ ನಾನು ಸುಮ್ನಿರ್ಬೇಕು. ಸುಮ್ನಿರುದು ನನಗೆ ಬರುದಿಲ್ಲ. ಅದು ನಿನಗೇ ಗೊತ್ತುಂಟಲ್ಲ.”

“ಗೊತ್ತುಂಟು. ಗೊತ್ತುಂಟು ಅಂತ ಎಷ್ಟು ವರ್ಷ ಸಹಿಸ್ಕೊಳ್ಳುದು? ನಾನು ಇಲ್ಲೇ ಇರ್ತೇನೆ. ಚಂದು ಅಕ್ಕಿ ರೊಟ್ಟಿ ಮಾಡ್ತಾಳೆ, ನಾನು ಚಾಪೆ ನೇಯ್ತೇನೆ, ನೀವು ಹೋಗಿ ಆ ಬೊಮ್ಮುವನ್ನು ನಿಲ್ಸಿ…”

“ಬೊಮ್ಮುವನ್ನು ನಿಲ್ಸಿದ್ದು ನಿನಗೆ ಹೇಗೆ ಗೊತ್ತು?”

“ಇಲ್ಲಿಂದ ಕಾಣುದಿಲ್ವಾ? ಅಷ್ಟು ದಪ್ಪ ಹೊಟ್ಟೆ ಊರಲ್ಲಿ ಬೇರೆ ಯಾರದ್ದುಂಟು? ನನ್ನ ಜಾಗದಲ್ಲಿ ನಿಲ್ಲಿಸ್ಲಿಕ್ಕೆ ನಿಮಗೆ ಬೇರೆ ಜನ ಸಿಗ್ಲಿಲ್ವಾ! ಕನ್ನಡವೇ ನೆಟ್ಟಗೆ ಬರುದಿಲ್ಲ ಅವನಿಗೆ, ಅವನನ್ನು…”

ನಮ್ಮೂರಿನ ದಡದಲ್ಲಿ ಗಂಟೆ ಹೊಡೆಯಿತು. ಐದು.

ಮಾತು ಅಷ್ಟು ದೂರ ನೀರನ್ನು ದಾಟುವುದಿಲ್ಲ, ಗಂಟೆ ದಾಟುತ್ತದೆ. ಸಾವಂತಿ ಬಯ್ಗುಳದ ನಡುವೆ ನಿಂತಳು. ನಾನೂ ಎದ್ದು ನಿಂತೆ. ಯೋಚನೆ ಮಾಡಿ ನಿಂತದ್ದಲ್ಲ. ಗಂಟೆ ಆದರೆ ನಿಲ್ಲುವ ಕಾಲುಗಳು ಅವು. ಅಲ್ಲಿ ಸಾಹೇಬರು ಹೇಳಿರಬೇಕು, ಒಂದು ಉಸಿರು. ತುಳಸು, ಇನ್ನೊಂದು. ಬೊಮ್ಮು, ಮತ್ತೊಂದು. ಎಣಿಸಲೇ ಇಲ್ಲ. ಬಾಯಿ ತಾನಾಗಿ ತೆರೆಯಿತು. ಇಬ್ಬರೂ ಆ ಬೆಂಕಿಪೊಟ್ಟಣಗಳ ಕಡೆ ಮುಖ ಮಾಡಿ, ಒಂದೇ ಉಸಿರಿನಲ್ಲಿ ಹೇಳಿದೆವು.

‘ನೂ ವನೋಂ.’

ನನ್ನಿಂದ ಬಂದದ್ದು ಗಾಳಿ ಮಾತ್ರ. ಕೇಳಿಸಿದ್ದು ಅವಳದು. ಸಣ್ಣ ದನಿ, ಆದರೆ ಹರಿತ. ಕೊನೆಯ ‘ನೋಂ’ ಮೂಗಿನಲ್ಲಿ ಹೋಗಿ, ಕಂಚಿನ ಬಟ್ಟಲನ್ನು ಬೆರಳಿನಿಂದ ತಟ್ಟಿದಂತೆ ಅಲ್ಲೇ ನಿಂತು, ಸ್ವಲ್ಪ ನಡುಗಿ ಆರಿತು. ಹೀಗೆ ಹೇಳುತ್ತಾರೆಯೇ ಇದನ್ನು? ನಾನು ಇಷ್ಟು ವರ್ಷ ಎಮ್ಮೆ ಹೊಡೆಯುವವನಂತೆ ಹೇಳುತ್ತಿದ್ದೆ. ಅವಳ ಕಡೆ ತಿರುಗಿದೆ.

“ಸಾವಂತಿ, ಚೆಂದ ಉಂಟು,” ಎಂದೆ.

“ಎಂತದು?”

“ನಿನ್ನದು. ನೀನು ಹೇಳುದು.”

ಅವಳು ನನ್ನ ಮುಖವನ್ನು ಸುಳ್ಳಿಗಾಗಿ ಹುಡುಕಿದಳು. ನನಗೆ ಸುಳ್ಳು ಹೇಳುವಷ್ಟು ನಾಜೂಕಿಲ್ಲ ಎಂದು ಅವಳಿಗೆ ಗೊತ್ತು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳುವುದಕ್ಕೆ ಹೋದವಳು ನನ್ನ ಹೆಗಲಿನಾಚೆ ನೋಡಿ ಬಾಯಿ ಬಿಟ್ಟಳು.

“ಅಯ್ಯೋ! ದೋಣಿ!”

ದೋಣಿ ಹೊರಟುಹೋಗಿತ್ತು. ಅಷ್ಟರಲ್ಲಿ ಇಪ್ಪತ್ತು ಮಾರು ದಾಟಿತ್ತು. ನಾವು ಹೇಳಿದ್ದೂ ಅದಕ್ಕೆ ಸೇರಿತ್ತು; ಆರೂ ಪೂರ್ತಿಯಾಗಿತ್ತು. ಖಾಲಿ ದೋಣಿ ನೆಟ್ಟಗೆ ನಮ್ಮೂರಿಗೆ ಹೋಗುತ್ತಿತ್ತು. ನಾವಿಬ್ಬರು ಮೆಟ್ಟಿಲ ಮೇಲೆ, ಎಂದಿನಂತೆ.

“ನಾವು ಹತ್ತಬೇಕಿತ್ತಲ್ಲ!” ಎಂದಳು.

“ಹೌದಲ್ಲ,” ಎಂದೆ.

ನಲವತ್ತಮೂರು ವರ್ಷ ನಿಂತೇ ಹೇಳಿದವರಿಗೆ, ಹೇಳುವ ಮೊದಲು ಹತ್ತಿ ಕೂರಬೇಕು ಎಂದು ಯಾರು ಹೇಳಿಕೊಡುತ್ತಾರೆ? ಸಾವಂತಿಗೆ ನಗು ಬಂತು. ಅಳುವುದಕ್ಕೆಂದು ಹಿಡಿದ ಸೆರಗನ್ನು ಬಾಯಿಗೆ ತುರುಕಿ ನಕ್ಕಳು. ಮೆಟ್ಟಿಲ ಮೇಲೆ ಕೂತಳು, ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದಳು. ನಾನು ಕೂತೆ.

ನಮ್ಮೂರಿನಿಂದ ದೋಣಿ ಹೊಟ್ಟೆ ಒಡೆಯುವಷ್ಟು ಜನ ತುಂಬಿಸಿಕೊಂಡು ಬಂತು. ಹನ್ನೊಂದು ದಿನದ ಬುಟ್ಟಿ, ಹನ್ನೊಂದು ದಿನದ ಟಪಾಲು. ಮುಂದೆ ತುಳಸು ನಿಂತಿದ್ದಳು. ನಮ್ಮನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟಳು.

“ಏ ದೂಮ! ಏ ಸಾವಂತಿ! ಖಾಲಿ ದೋಣಿ ಕಳಿಸ್ತೀರಾ? ಅಲ್ಲಿ ನಾವು ನಿಮಗೆ ಏನಾಯ್ತು ಅಂತ ಎದೆ ಬಡ್ಕೊಳ್ಳುದು, ಇಲ್ಲಿ ನೀವು ಹೊಳೆ ನೋಡ್ತಾ ಕೂತದ್ದು! ಇಬ್ರಿಗೂ ಬುದ್ಧಿ ಬೇಡ್ವಾ?”

“ಮರ್ತುಹೋಯ್ತು,” ಎಂದಳು ಸಾವಂತಿ.

“ಎಂತ ಮರ್ತುಹೋದ್ದು?”

“ಹತ್ತುದು.”

ತುಳಸು ಆಕಾಶ ನೋಡಿದಳು. ಆಮೇಲೆ ತಾನೇ ನಕ್ಕು, ಬುಟ್ಟಿಯಿಂದ ಎರಡು ಒಣಮೀನು ತೆಗೆದು ಸಾವಂತಿಯ ಮಡಿಲಿಗೆ ಹಾಕಿ ಪೇಟೆಗೆ ಓಡಿದಳು.

ಮರುದಿನ ಬೆಳಿಗ್ಗೆ ವಾಪಸು ಹೋಗುವವರೆಲ್ಲ ದೋಣಿಯಲ್ಲಿ ಕೂತು ನಮಗೆ ನಡುವೆ ಜಾಗ ಬಿಟ್ಟರು. ನಾವು ಮೆಟ್ಟಿಲ ಮೇಲೆ ನಿಂತಿದ್ದೆವು. ಗಂಟೆ ಆಯಿತು. ನಾನು ಗಂಟಲನ್ನು ಅರ್ಧಕ್ಕೆ ಇಳಿಸಿ ಅವಳ ದನಿಯ ಪಕ್ಕದಲ್ಲಿಟ್ಟು ಹೇಳಿದೆ. ದೋಣಿ ಹೊರಟಿತು. ಈ ಸಲ ಮರೆತದ್ದಲ್ಲ. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಲಿಲ್ಲ, ಕಾಲು ಎತ್ತಲೂ ಇಲ್ಲ. ಹಾಗಾದರೆ ನಾನೇಕೆ ಎತ್ತಲಿ?

ಆ ದಿನ ಪೇಟೆ ನೋಡಿದೆವು. ಬೀದಿಯಲ್ಲಿ ಇಬ್ಬರೂ ಒಟ್ಟಿಗೆ ನಡೆದೆವು. ಹೋಟೆಲಿನಲ್ಲಿ ಎದುರುಬದುರು ಕೂತು ಮಸಾಲೆದೋಸೆ ತಿಂದೆವು. ಅವಳಿಗೆ ಹಸಿರು ಬಳೆ ಬೇಕೆಂದು ನಾಲ್ಕು ಅಂಗಡಿ ತಿರುಗಿಸಿ, ಕೊನೆಗೆ ಮೊದಲ ಅಂಗಡಿಯಲ್ಲೇ ಕೆಂಪು ತೆಗೆದುಕೊಂಡಳು. ನಾನು ಅಂಚೆ ಕಚೇರಿಗೆ ಹೋಗಿ ಆ ಭಾಷೆಯ ಅಧಿಕಾರಿಗೆ ಕಾರ್ಡು ಬರೆದೆ. ‘ಆರಲ್ಲ, ಏಳು. ಏಳನೆಯವರ ಉಚ್ಚಾರವೇ ಸರಿ. ಉಳಿದವರದ್ದು ಸುಮಾರು.’ ಉತ್ತರ ಬಂದಿಲ್ಲ. ಹೊತ್ತಿಗೆ ಸರಿಯಾಗಿ ಬೆಳಿಗ್ಗೆ ಸಂಜೆ ಮೆಟ್ಟಿಲಿಗೆ ಬಂದು ನಮ್ಮ ಪಾಲನ್ನು ಹೇಳುತ್ತಿದ್ದೆವು. ಊರಿನ ದಾಟುವಿಕೆ ನಿಲ್ಲಲಿಲ್ಲ. ನಾವು ಮಾತ್ರ ದಾಟಲಿಲ್ಲ. ಎರಡನೆಯ ದಿನ ಚಂದುವಿನ ಮನೆಯ ಚಾಪೆ ಅರ್ಧ ನೇಯ್ದಾಗಿತ್ತು, ಮುಗಿಸಬೇಕು ಎಂದಳು. ಮೂರನೆಯ ದಿನ ಗುರುವಾರ, ಹೊರಡುವುದಕ್ಕೆ ಒಳ್ಳೆಯದಲ್ಲ ಎಂದೆ ನಾನು. ಗುರುವಾರಕ್ಕೆ ಏನಾಗಿದೆ ಎಂದು ಅವಳು ಕೇಳಲಿಲ್ಲ.

ಐದನೆಯ ದಿನ ಸಂಜೆ ಮತ್ತೆ ಗಂಟೆ ಹೊಡೆಯಿತು, ಹೇಳಿದೆವು, ಜನ ತುಂಬಿದ ದೋಣಿ ನಮ್ಮನ್ನು ಬಿಟ್ಟು ಹೊರಟಿತು. ಸಂತೆ ಮುಗಿಸಿ ಅದರಲ್ಲಿ ಕೂತಿದ್ದ ತುಳಸುವಿಗೆ ತಡೆಯಲಿಲ್ಲ. ಎದ್ದು ನಿಂತು, ದೋಣಿ ಓಲಾಡುವಂತೆ ಕೂಗಿದಳು.

“ಏ ಸಾವಂತಿ! ದಿನಾ ಬರ್ತೇವೆ ಬರ್ತೇವೆ ಅಂತ ಹೇಳುದು ನೀವು! ಬರುದು ಯಾವಾಗ?”

ಸಾವಂತಿ ಎರಡು ಕೈಯನ್ನು ಬಾಯಿಯ ಪಕ್ಕ ಹಿಡಿದು, ಹೊಳೆಯಿಡೀ ಕೇಳುವಂತೆ ಉತ್ತರ ಕೊಟ್ಟಳು. “ಬರ್ತಾ ಇದ್ದೇವಲ್ಲ, ಮಾರಾಯ್ತಿ!”

ಆಮೇಲೆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತು, ಪೇಟೆಯಿಂದ ತಂದಿದ್ದ ಕಡಲೆಕಾಯಿಯ ಪೊಟ್ಟಣ ಬಿಚ್ಚಿದಳು.